ತುಂಬಿಯೇ ಮರಳುತ್ತಿದ್ದ ಬಾಟಲಿ

ಜಗಲಿಯ ತುದಿಯಲ್ಲಿ ಒಂದು ನೀಲಿ ನೀರಿನ ಬಾಟಲಿ. ಪಕ್ಕದಲ್ಲಿ ಕಳಚಿಟ್ಟ ಶಾಲೆಯ ಚೀಲ. ಸಂಜೆಯ ಓರೆ ಬಿಸಿಲು ಬಾಟಲಿಯನ್ನು ಹಾಯ್ದು ನೆಲದ ಮೇಲೆ ನೀಲಿ ನೆರಳಾಗಿ ನಿಂತಿದೆ. ನೀರು ಮುಚ್ಚಳದವರೆಗೂ ಇದೆ; ಬೆಳಿಗ್ಗೆ ಎಷ್ಟಿತ್ತೋ ಅಷ್ಟೇ. ಅಂಗಳದಲ್ಲೊಂದು ಅಬ್ಬಲಿಗೆ ಗಿಡ. ಬೇಸಿಗೆಯಲ್ಲೂ ಮೈತುಂಬ ಹೂ.

ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯ ಈ ಮನೆಯಲ್ಲಿ ದಿನವೂ ಇದೇ ಚಿತ್ರ. ಆರನೆಯ ತರಗತಿಯ ಭೂಮಿಕಾ ತುಂಬಿದ ಬಾಟಲಿ ಒಯ್ದು, ತುಂಬಿದ ಬಾಟಲಿಯನ್ನೇ ಮರಳಿ ತರುತ್ತಿದ್ದಳು. ಅಜ್ಜಿ ಮಂಜಿ ಆ ನೀರನ್ನು ಅಬ್ಬಲಿಗೆಯ ಬುಡಕ್ಕೆ ಹೊಯ್ಯುತ್ತಿದ್ದಳು. ಗಿಡ ಚಿಗುರುತ್ತಿತ್ತು, ಹುಡುಗಿ ಬಾಡುತ್ತಿದ್ದಳು.

ಆ ವರ್ಷ ಮೂರನೆಯ ಬಾರಿ ಅವಳಿಗೆ ಉರಿಮೂತ್ರ, ಜ್ವರ. ವೈದ್ಯರು ಕೊಟ್ಟ ಗುಳಿಗೆ ಮುಗಿಯುವ ಹೊತ್ತಿಗೆ ವಿಚಾರಿಸಲು ಆಶಾ ಕಾರ್ಯಕರ್ತೆ ರಕ್ಷಿತಾ ಬಂದಳು.

“ಸಾಕು ಮಾರಾಯ್ತಿ, ಇವಳ ಶಾಲೆ ಬಿಡ್ಸೂದೇ ಸೈ. ಜೀವ ಇದ್ರಲ್ಲ ಓದು?” ಎಂದಳು ಮಂಜಿ.

ಹಾಸಿಗೆಯಲ್ಲಿದ್ದ ಭೂಮಿಕಾ ಗೋಡೆಯ ಕಡೆ ಹೊರಳಿ ಕಣ್ಣೊರೆಸಿಕೊಂಡಳು.

“ಶಾಲೇಲಿ ನೀರು ಕುಡೀತಿಯನೆ, ಕೂಸೆ?” ರಕ್ಷಿತಾ ಕೇಳಿದಳು.

“ಇಲ್ಲ ಅಕ್ಕ. ಕುಡಿದ್ರೆ ಹೋಗ್ಬೇಕಾಗ್ತದೆ. ನಮ್ಮ ಪಾಯಿಖಾನೆಗೆ ಬೀಗ.”

“ಬೀಗ ಹಾಕಿದ್ಯಾರು?”

ಹುಡುಗಿ ಗೋಡೆಗೊರಗಿ ಕೂತಿದ್ದ ಅಪ್ಪನತ್ತ ನೋಡಿದಳು. ಅಪ್ಪ ಉಲ್ಲಾಸ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ.

“ಹೊಸದಲ್ವ, ಮಕ್ಕಳು ಹೊಲಸು ಮಾಡ್ತವೆ ಅಂತ... ಸಾಹೇಬ್ರು ಬಂದಾಗ ತೆಗೀತೇವೆ,” ಎಂದ ಆತ. ಬೀಗದ ಕೈ ಅವನ ಬೆನ್ನ ಹಿಂದೆಯೇ, ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು.

“ಸಾಹೇಬ್ರಿಗೆ ವರ್ಷಕ್ಕೊಂದ್ಸಲ ಅವಸರ ಆಗ್ತದೆ. ಮಕ್ಕಳಿಗೆ ದಿನಾ ಆಗ್ತದಲ್ಲ, ಉಲ್ಲಾಸಣ್ಣ?”

ಮಂಜಿ ಮಗನ ನೆರವಿಗೆ ಬಂದಳು: “ಹೆಣ್ಣುಮಕ್ಕಳು ತಡ್ಕಳೂದ್ ಕಲೀಬೇಕು. ನಾವು ಗದ್ದೆ ನೆಟ್ಟಿಗೆ ಹೋದ್ರೆ ಸಂಜೆ ತನಕ ತಡ್ಕಳ್ತಿರ್ಲಿಲ್ಲನೆ?”

“ತಡ್ಕಂಡು ಏನಾಯ್ತು ಅಜ್ಜಿ? ನೆಟ್ಟಿ ಮುಗಿದ ಮೇಲೆ ಉರಿ ಉರಿ ಅಂತ ಎಷ್ಟು ದಿನ ಎಳನೀರು ಕುಡಿತಿದ್ರಿ?”

ಮಂಜಿ ಬಾಯಿಗೆ ಸೆರಗು ಹಿಡಿದಳು. “ಅದ್ನ ನಿಂಗ್ಯಾರೆ ಹೇಳಿದ್ರು?”

“ನಮ್ಮವ್ವಿಗೂ ಅದೇ ಆಗ್ತಿತ್ತು. ನೀರು ಕುಡೀದೆ, ತಡ್ಕಂಡು ಕೂತ್ರೆ ಮೂತ್ರಕೋಶದಲ್ಲಿ ರೋಗಾಣು ಬೆಳೀತವೆ. ಶಾಲೆ ಬಿಡ್ಸೂದು ಬ್ಯಾಡ. ಬೀಗ ಬಿಡ್ಸಿ.”

ಉಲ್ಲಾಸ ಎದ್ದು ಮೊಳೆಯಿಂದ ಬೀಗದ ಕೈ ತೆಗೆದು ಜೇಬಿಗಿಟ್ಟ. ಮರುದಿನ ಬೀಗ ಮನೆಗೆ ಬಂತು. ಶೌಚಾಲಯದ ಒಳಗಡೆ ಚಿಲಕ, ಹೊರಗೊಂದು ನಲ್ಲಿ, ಸಾಬೂನು ಬಂದವು. ಶಿಕ್ಷಕಿ ದಿನಕ್ಕೆ ಮೂರು ಬಾರಿ ನೀರು ಕುಡಿಯುವ ಗಂಟೆ ಹೊಡೆಸತೊಡಗಿದರು. ಸಾಬೂನು ನೋಡಿಕೊಳ್ಳುವ ಪಾಳಿ ಮಕ್ಕಳದೇ.

ಮುಂದಿನ ಬೇಸಿಗೆಗೆ ಭೂಮಿಕಾಳ ಬಾಟಲಿ ಹಗುರವಾಗಿ ಮರಳುತ್ತಿತ್ತು. ಜ್ವರ ಮತ್ತೆ ಬರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ರಕ್ಷಿತಾಳನ್ನು ಮಂಜಿ ಕೂಗಿ ಕರೆದಳು.

“ನಿನ್ನ ದೆಸೆಯಿಂದ ಅಬ್ಬಲಿಗೆಗೆ ನಾನೇ ಬಾವಿ ನೀರು ಸೇದ್ಬೇಕಾತು ಕಾಣು!”

“ಬೈತ್ರನ ಅಜ್ಜಿ?”

“ಬಾಯ್ಮುಚ್ಚಿ ತಿರುಗು,” ಎಂದ ಮುದುಕಿ ಆಗಷ್ಟೇ ಕಟ್ಟಿದ್ದ ಮಾಲೆಯನ್ನು ಅವಳ ಮುಡಿಗೆ ಮುಡಿಸಿದಳು. “ನನ್ನ ಕೂಸನ್ನ ಶಾಲೇಲಿ ಉಳ್ಸಿದೆ.”

ಓದುತ್ತಿರುವ ತಾಯಂದಿರೇ, ತಂದೆಯರೇ, ಇಂದು ಸಂಜೆ ನಿಮ್ಮ ಮಗುವಿನ ಬಾಟಲಿಯನ್ನೊಮ್ಮೆ ಎತ್ತಿ ನೋಡಿ. ಭಾರವಾಗಿದ್ದರೆ ಕಾರಣ ಕೇಳಿ. ನಾಳೆ ಶಾಲೆಗೆ ಹೋಗಿ: ಶೌಚಾಲಯ ತೆರೆದಿದೆಯೇ, ಚಿಲಕವಿದೆಯೇ, ನೀರು-ಸಾಬೂನು ಇವೆಯೇ? ಉರಿಮೂತ್ರ, ಜ್ವರ ಕಂಡರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಮಕ್ಕಳಿಗೆಂದು ಕಟ್ಟಿದ್ದು ಮಕ್ಕಳಿಗೇ ಸಿಗಲಿ.

ಆ ಶಾಲೆಯಲ್ಲಿ ಈಗ ನೀರಿನ ಗಂಟೆ ಹೊಡೆದು ಸ್ವಲ್ಪ ಹೊತ್ತಾಗಿದೆ. ಶೌಚಾಲಯದಿಂದ ಹೊರಬಂದ ಭೂಮಿಕಾ ಕೈ ತೊಳೆದು, ಒದ್ದೆ ಬೆರಳುಗಳನ್ನು ಲಂಗಕ್ಕೆ ಒರೆಸುತ್ತ ತರಗತಿಯತ್ತ ಓಡುತ್ತಾಳೆ. ಅವಳ ಹಿಂದೆ, ಬೀಗವಿಲ್ಲದ ಬಾಗಿಲು ಮೆಲ್ಲನೆ ಮುಚ್ಚಿಕೊಳ್ಳುತ್ತದೆ.