ಪಂಪಿನ ಬ್ರಾಕೆಟ್ಟು

ಮೈದುನ ಸ್ಟೇರಿಂಗಿಗೆ ಜೋತುಬಿದ್ದ. ಪಕ್ಕದ ಮನೆಯವನೂ ಕಿಟಕಿಯಿಂದ ಕೈಹಾಕಿ ಎಳೆದ. ಕಾರಿನ ಚಕ್ರ ಗೇಣುದ್ದ ಹೊರಳಿ ನಿಂತಿತು. ಗೇಟಿಗೆ ಅಡ್ಡವಾಗಿದ್ದ ಅದು ಸರಿಯದೆ ಶವವಾಹನ ಒಳಗೆ ಬರುವಂತಿರಲಿಲ್ಲ. ಕಾರಿನ ಯಜಮಾನ, ಊರಿಗೆಲ್ಲ ಗಾಡಿ ರಿಪೇರಿ ಮಾಡಿಕೊಟ್ಟ ಮೆಕ್ಯಾನಿಕ್, ನಡುಮನೆಯಲ್ಲಿ ಚಾಪೆಯ ಮೇಲಿದ್ದ. ಸತ್ತ ಮೇಲೂ ದಾರಿ ಬಿಡದ ಮನುಷ್ಯ.

"ದೇವರಂಥವನು ನಮ್ಮಣ್ಣ," ಎಂದು ನಾದಿನಿ ಮೂಗೊರೆಸಿಕೊಂಡಳು. ಸತ್ತವರೆಲ್ಲ ದೇವರಂಥವರೇ, ಬದುಕಿದ್ದಾಗ ಹಾಗೆ ಕಂಡವರು ಕಡಿಮೆ.

ಮೈದುನನೂ ಗ್ಯಾರೇಜಿನವನೇ. ಬಾನೆಟ್ ಎತ್ತಿ ನೋಡಿದ.

"ಸ್ಟೇರಿಂಗ್ ಹಗುರ ಮಾಡೋ ಪಂಪಿಗೆ ಬೆಲ್ಟೇ ಇಲ್ಲ ಅತ್ತಿಗೆ. ಎಸಿಗೂ ಇದಕ್ಕೂ ಒಂದೇ ಬೆಲ್ಟು, ಎಸಿ ತೆಗೆದ್ರೆ ಪಂಪಿನ ಬ್ರಾಕೆಟ್ಟೂ ಬದಲಾಯಿಸ್ಬೇಕು. ಇಲ್ದಿದ್ರೆ ಪಂಪ್ ಸುಮ್ನೆ ಕೂತಿರುತ್ತೆ, ನಾವು ಬೀಸೋಕಲ್ಲು ತಿರುಗಿಸ್ಬೇಕು."

"ಆ ಬ್ರಾಕೆಟ್ಟು ಸಿಗ್ತಿಲ್ಲ ಅಂತಿದ್ರು," ಎಂದಳು ಸತ್ತವನ ಹೆಂಡತಿ. "ಒಂಬತ್ತು ವರ್ಷದಿಂದ ಹುಡುಕ್ತಿದ್ರು."

"ಅಣ್ಣಂಗೆ ಸಿಗಲಿಲ್ವಾ?" ಮೈದುನ ನಗಲು ಹೋಗಿ, ಮತ್ತೆ ಎಂಜಿನ್ನಿನ ಮೇಲೆ ಬಗ್ಗಿದ.

*

ಮೊದಲು ಅವಳೂ ಕಾರು ಓಡಿಸುತ್ತಿದ್ದಳು. ವಾರಕ್ಕೊಮ್ಮೆ ಒಬ್ಬಳೇ ತಂಗಿಯ ಮನೆಗೆ ಹೋಗಿ ಸಂಜೆ ಬರುತ್ತಿದ್ದಳು. ಒಂದು ಸಲ ಬರುವುದು ತಡವಾಯಿತು. ಮರುವಾರ ಗಂಡ, ಎಸಿ ಎಂಜಿನ್ನಿಗೆ ದಂಡದ ಭಾರ ಎಂದು ಬಿಚ್ಚಿಹಾಕಿದ. ಆಮೇಲೆ ಅವಳು ಕಾರು ತೆಗೆದಾಗ ಬೀದಿಯ ತಿರುವಿನಲ್ಲೇ ಗೋಡೆಗೆ ಗುದ್ದಿದಳು.

"ನಿನ್ನ ಕೈಗೆ ಬಗ್ಗೋ ಗಾಡಿ ಅಲ್ಲ ಇದು," ಅಂದಿದ್ದ. "ಬ್ರಾಕೆಟ್ಟು ಸಿಗ್ಲಿ, ಹಾಕ್ಕೊಡ್ತೀನಿ. ಅಲ್ಲೀವರೆಗೆ ನಾನಿಲ್ವಾ?"

ಇದ್ದ, ಇದ್ದೇ ಇದ್ದ. ತಂಗಿಯ ಮನೆಯೆದುರು ಕಾರಿನಲ್ಲೇ ಕೂತು, ಅವಳು ಕಾಫಿ ಲೋಟ ಕೆಳಗಿಡುವ ಮೊದಲೇ ಹಾರನ್ ಹೊಡೆಯುತ್ತಿದ್ದ. ಬರಬರುತ್ತ ಅವಳು ಹೋಗುವುದನ್ನೇ ಬಿಟ್ಟಳು.

*

"ಒಳ್ಳೇದೊಂದು ಅಂಗಿ ತನ್ನಿ ಅತ್ತಿಗೆ," ಎಂದಳು ನಾದಿನಿ.

ಒಳ್ಳೆಯ ಅಂಗಿಗಳು ಅವನ ಬೀಗದ ಪೆಟ್ಟಿಗೆಯಲ್ಲಿದ್ದವು. ಬೀಗದ ಕೈ ಅವಳಿಗೆ ಸಿಕ್ಕಿದ್ದು ಇವತ್ತೇ ಮೊದಲು. ಅಂಗಿಗಳ ತಳದಲ್ಲಿ ಗಟ್ಟಿಯಾಗಿ ಏನೋ ಕೈಗೆ ತಗುಲಿತು. ಪತ್ರಿಕೆಯಲ್ಲಿ ಸುತ್ತಿಟ್ಟ ಕಬ್ಬಿಣದ ತುಂಡು, ದಾರದಲ್ಲಿ ಕಟ್ಟಿದ ನಾಲ್ಕು ಬೋಲ್ಟು, ಹೊಸ ಬೆಲ್ಟು. ಪತ್ರಿಕೆ ಎಸಿ ಬಿಚ್ಚಿದ ವಾರದ್ದು.

ಅವಳು ಅಂಗಿ ಮರೆತು ಹೊರಗೆ ಬಂದಳು. "ಇದೇನಾ?"

ಮೈದುನ ತಿರುಗಿಸಿ ನೋಡಿ, "ಇದೇ," ಎಂದ. ಅವಳ ಮುಖ ನೋಡಲಾಗದೆ ಪಂಪಿನ ಗಾಲಿಯನ್ನು ಬೆರಳಿನಿಂದ ತಳ್ಳಿದ. ಅದು ನುಣ್ಣಗೆ ತಿರುಗಿತು. "ಈ ಪಂಪಿಗೂ ತಪ್ಪದೆ ಎಣ್ಣೆ ಬಿಟ್ಟಿದ್ದಾನೆ. ಹೊಸದರ ಹಾಗಿದೆ."

ಕೆಲಸದಲ್ಲಿ ಅವನು ಅಷ್ಟು ಅಚ್ಚುಕಟ್ಟು. ಬೆಳಗಿನಿಂದ ಅತ್ತಿದ್ದಕ್ಕೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ಹಾಕು," ಎಂದಳು.

"ಈಗಲೇನಾ?"

"ಈಗಲೇ."

"ಹೆಣ ಇಟ್ಕೊಂಡು ಗಾಡಿ ರಿಪೇರಿನಾ ಅತ್ತಿಗೆ? ಜನ ಏನಂದ್ಕೋತಾರೆ?" ಎಂದಳು ನಾದಿನಿ.

"ನಾನು ಒಂಬತ್ತು ವರ್ಷ ಕಾದಿದೀನಿ. ಅವರು ಒಂದು ಗಂಟೆ ಕಾಯ್ಲಿ."

ಒಂದು ಗಂಟೆ ಕಾದ. ಅಂಗಿಯ ನೆನಪು ಯಾರಿಗೂ ಬರಲಿಲ್ಲ. ಗ್ರೀಸು ಹತ್ತಿದ ಹಳೆಯದರಲ್ಲೇ ಅವನನ್ನು ಶವವಾಹನಕ್ಕೆ ಏರಿಸಿದರು. ಅಷ್ಟರಲ್ಲಿ ಅವಳು ಕಾರನ್ನು ಹಿಂದಕ್ಕೆ ತೆಗೆದು ಬೀದಿಗೆ ಇಳಿಸಿಯಾಗಿತ್ತು. ಗೋಡೆಗೆ ಗುದ್ದಿದ್ದ ತಿರುವಿನಲ್ಲಿ ಸ್ಟೇರಿಂಗನ್ನು ಎರಡು ಬೆರಳಿನಲ್ಲಿ ತಿರುಗಿಸಿದಳು.

ಹಿಂದಿನಿಂದ ಶವವಾಹನ ಹಾರನ್ ಹೊಡೆಯಿತು. ಅವಳು ದಾರಿ ಬಿಡಲಿಲ್ಲ.