ಒಂದೇ ನಂಬರಿನ ಒಂಬತ್ತು ಮಂದಿ

ನಾನು ಒಂದು ಗುಂಡಿ ಒತ್ತುವ ಮೊಬೈಲು. ದೂರದ ಕಾರ್ಖಾನೆಯಲ್ಲಿ ಹುಟ್ಟಿ, ಇಳಕಲ್ಲಿನ ಅಂಗಡಿಗೆ ಬಂದೆ. ಆಶಾ ಕಾರ್ಯಕರ್ತೆ ದ್ಯಾಮವ್ವ ನನ್ನನ್ನು ಕೊಂಡು ಸೊಂಟದ ಚೀಲದಲ್ಲಿ ಇಟ್ಟುಕೊಂಡಳು. ಅವಳ ಊರನ್ನು ನಾನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು.

ಅದು ಕಲ್ಲು ಕ್ವಾರಿಗಳ ಊರು. ಕೆಮ್ಮುವವರಿದ್ದ ಮನೆಗೆ ದ್ಯಾಮವ್ವ ಕ್ಷಯದ ಪರೀಕ್ಷೆಗೆಂದು ಕಫದ ಡಬ್ಬಿ ಕೊಡುತ್ತಿದ್ದಳು. ತುಂಬಿದ ಡಬ್ಬಿಯನ್ನು ತಾಲ್ಲೂಕಿನ ಪ್ರಯೋಗಾಲಯಕ್ಕೆ ತಾನೇ ಒಯ್ಯುತ್ತಿದ್ದಳು. ಅಲ್ಲಿನ ತಂತ್ರಜ್ಞ ಅನ್ವರ ಕಂಪ್ಯೂಟರಿನ ಮುಂದೆ ಕೂತು ಕೇಳುತ್ತಿದ್ದ: "ದ್ಯಾಮಕ್ಕ, ಇವರ ಫೋನ್ ನಂಬರ್ ಹೇಳು. ಅದಿಲ್ಲಂದ್ರ ಇದು ಮುಂದ ಹೋಗಂಗಿಲ್ಲ."

"ಅವರ ಕಡೆ ಎಲ್ಲಿ ಫೋನ್ ಅಣ್ಣ? ನಂದ ಬರಕೋ."

"ಊರಿಗೆಲ್ಲಾ ನೀನ ಫೋನ್ ಆದಿ ಬಿಡು!"

ಹಾಗೆ ಒಂಬತ್ತು ಮಂದಿಗೆ ನನ್ನ ನಂಬರೇ ಬಿತ್ತು. ವರದಿ ಬಂದರೆ ನಾನು ಗುಂಯ್‌ಗುಡುತ್ತಿದ್ದೆ, ದ್ಯಾಮವ್ವ ಆ ಮನೆಗೆ ನಡೆಯುತ್ತಿದ್ದಳು. ನನಗೆ ಹೆಮ್ಮೆಯಿತ್ತು.

ಆಮೇಲೆ ತಾಲ್ಲೂಕಿನ ಕಂಪ್ಯೂಟರನ್ನು ಜಿಲ್ಲೆಯ ಕಂಪ್ಯೂಟರಿಗೆ ಜೋಡಿಸಿದರು. ಇನ್ನು ಕಾಗದ ಓಡಾಡಬೇಕಿಲ್ಲ ಎಂದರು. ಮೊದಲ ವಾರವೇ ಸಂದೇಶ ಬಂತು: ಫಕೀರಪ್ಪನ ಕ್ಷಯಕ್ಕೆ ಸಾಮಾನ್ಯ ಮಾತ್ರೆ ನಾಟುವುದಿಲ್ಲ, ಕೂಡಲೇ ಜಿಲ್ಲಾ ಆಸ್ಪತ್ರೆಗೆ ಕರೆತನ್ನಿ.

ಫಕೀರಪ್ಪ ನಕ್ಕ. "ನಂದು ಮಾತ್ರಿ ಕೋರ್ಸ್ ಮುಗಿದು ವರ್ಷಾತಬೇ. ಆಳೆತ್ತರ ಕಲ್ಲು ಸೀಳಾಕತ್ತೀನಿ, ನನಗ್ಯಾವ ರೋಗ?"

ದ್ಯಾಮವ್ವ ಒತ್ತಾಯಿಸಿ ಕರೆದೊಯ್ದಳು. ಮತ್ತೆ ಪರೀಕ್ಷೆಯಾಯಿತು. ಅವನಿಗೇನೂ ಇರಲಿಲ್ಲ. ಹಾಗಾದರೆ ಆ ರೋಗ ಯಾರದು? ಅನ್ವರ ಹಳೆಯ ಡಬ್ಬಿಗಳ ಮೇಲಿನ ಚೀಟಿಗಳನ್ನು ಒಂದೊಂದಾಗಿ ತಾಳೆ ನೋಡಿದ. ಜಿಲ್ಲೆಯ ಕಂಪ್ಯೂಟರು ಫೋನ್ ನಂಬರನ್ನೇ ಮನುಷ್ಯನ ಗುರುತು ಎಂದುಕೊಂಡಿತ್ತು. ಒಂಬತ್ತು ಮಂದಿಯನ್ನು ಒಬ್ಬನನ್ನಾಗಿ ಮಾಡಿ, ಮೊದಲು ಬರೆಸಿದ್ದ ಫಕೀರಪ್ಪನ ಹೆಸರು ಕೊಟ್ಟಿತ್ತು.

ಆ ವರದಿ ಅದೇ ಒಂಬತ್ತು ಮಂದಿಯಲ್ಲಿ ಒಬ್ಬನಾದ ಬಾಳಪ್ಪನದಾಗಿತ್ತು. ಇಪ್ಪತ್ತಾರು ವರ್ಷ. ಸಾಮಾನ್ಯ ಮಾತ್ರೆಯನ್ನೇ ಒಂದು ದಿನವೂ ತಪ್ಪಿಸದೆ ನುಂಗುತ್ತಿದ್ದ. ಗೊತ್ತಾಗುವ ಹೊತ್ತಿಗೆ ಐದು ವಾರ ಕಳೆದಿತ್ತು. ಹೊಸ ಔಷಧಿ ಶುರುವಾದ ಆರನೆಯ ದಿನ ಅವನು ತೀರಿಕೊಂಡ.

ಅವನ ಹೆಂಡತಿ ಗಂಗವ್ವ ಅಳಲಿಲ್ಲ. "ಯಾರ ನಂಬರಿತ್ತಕ್ಕ?" ಎಂದಷ್ಟೇ ದ್ಯಾಮವ್ವನನ್ನು ಕೇಳಿದಳು.

"ನಂದವ್ವ."

ದ್ಯಾಮವ್ವ ಚೀಲದಿಂದ ನನ್ನನ್ನು ತೆಗೆದು ಗಂಗವ್ವನ ಮುಂದೆ ನೆಲದ ಮೇಲಿಟ್ಟಳು.

ಅನ್ವರ ಜಿಲ್ಲೆಗೆ ನಾಲ್ಕು ಸಲ ಪತ್ರ ಬರೆದ. ಕೊನೆಗೆ ಪ್ರತಿ ರೋಗಿಗೂ ಬೇರೆ ಸಂಖ್ಯೆ ಬಂತು. ತಾಲ್ಲೂಕು, ಜಿಲ್ಲೆ ಎರಡೂ ಕಡೆ ಆ ಸಂಖ್ಯೆ, ಹೆಸರು, ಮನೆಯವರ ಹೆಸರು ಮೂರೂ ಕೂಡಿದರೆ ಮಾತ್ರ ವರದಿ ಹೊರಡುವಂತಾಯಿತು.

ಅಷ್ಟರಲ್ಲಿ ದ್ಯಾಮವ್ವನಿಗೆ ದೊಡ್ಡ ಫೋನು ಸಿಕ್ಕಿತ್ತು. ತನ್ನ ಸಿಮ್ ತೆಗೆದು, ಹೊಸ ಸಿಮ್ ಹಾಕಿಸಿ, ನನ್ನನ್ನು ಗಂಗವ್ವನ ಕೈಗಿಟ್ಟಳು. "ನಿನ್ನದು ಅಂತ ಒಂದು ನಂಬರ್ ಇರಲಿ, ತಂಗಿ. ನಿಂದೂ ಕಫ ಕೊಡಬೇಕು."

ಅವಳು ಕಫ ಕೊಟ್ಟ ಮೂರನೆಯ ದಿನ ನಾನು ಗುಂಯ್‌ಗುಟ್ಟಿದೆ. ಗಂಗವ್ವ ಅಕ್ಷರ ಕೂಡಿಸಿ ಕೂಡಿಸಿ ಓದಿದಳು: ಗಂಗವ್ವ ಬಾಳಪ್ಪ, ಸೋಂಕು ಕಂಡುಬಂದಿಲ್ಲ.

ಅವಳ ಹೆಬ್ಬೆರಳು ಎರಡನೆಯ ಹೆಸರಿನ ಮೇಲೆ ನಿಂತಿತು. ಆಗ ಅತ್ತಳು.

ಈಗ ನನ್ನ ಬ್ಯಾಟರಿ ಉಬ್ಬಿದೆ. ಗುಂಡಿಗಳ ಮೇಲಿನ ಅಂಕಿಗಳು ಅಳಿಸಿವೆ. ಗೋಡೆಯ ಗೂಡಿನಲ್ಲಿರುತ್ತೇನೆ. ಗಂಗವ್ವ ಬೇರೆ ಸಂದೇಶಗಳನ್ನೆಲ್ಲ ಅಳಿಸಿದ್ದಾಳೆ, ಅದೊಂದನ್ನು ಬಿಟ್ಟು. ಆ ಜೋಡಿಸಿದ ಕಂಪ್ಯೂಟರುಗಳ ಮೂಲಕ ಬಾಳಪ್ಪನ ಹೆಸರು ಸರಿಯಾದ ಮನೆಗೆ ಬಂದು ಮುಟ್ಟಿದ್ದು ಅದೊಂದೇ ಸಲ.