ಉಣ್ಣುವ ತಳಿ

ಭಾನುಪ್ರಿಯ ಮತ್ತೊಂದು ಹಿಡಿ ಸೀಗೆಪುಡಿ ಹಾಕಿ ಅವ್ವನ ಕೈ ಉಜ್ಜಿದಳು. ಹಂದಿಯ ವಾಸನೆ ಹೋಗಲಿಲ್ಲ.

"ಸಾಕು ಬುಡವ್ವ, ಚರ್ಮ ಕಿತ್ತೋಯ್ತದೆ," ಎಂದಳು ಪಕ್ಕದ ಮನೆಯ ಮಾಯಮ್ಮ.

ಅಂಗಳದಲ್ಲಿ ಚಟ್ಟ ಕಟ್ಟಿ ಮುಗಿದಿತ್ತು. ಹೊರಲು ಹೆಗಲಿರಲಿಲ್ಲ. ಸತ್ತ ಅವ್ವ ಮುನಿಯಮ್ಮನ ಭಾವ, ಭಾನುಪ್ರಿಯಳ ದೊಡ್ಡಪ್ಪ ಚೆಲುವಯ್ಯ, ಜಗಲಿಯ ಮೇಲೆ ಎಲೆಅಡಿಕೆ ಮೆಲ್ಲುತ್ತಿದ್ದ.

"ಹಂದಿ ಗೊಬ್ಬರ ಬಾಚಿದೋಳ ಚಟ್ಟಕ್ಕೆ ನಮ್ಮೋರು ಹೆಗಲು ಕೊಡಕಿಲ್ಲ ಕಣಮ್ಮಿ. ಆ ಫಾರಂ ಕೆಲ್ಸ ಬ್ಯಾಡ ಅಂತ ಆಗ್ಲೇ ಬಡ್ಕಂಡೆ."

"ಹಂದಿ ಬಾಡು ಅಂದ್ರೆ ತಟ್ಟೆ ಹಿಡ್ಕಂಡು ಮೊದ್ಲು ಕೂರೋನು ನೀನೇ ಅಲ್ವಾ ಚೆಲುವಣ್ಣ?" ಮಾಯಮ್ಮ ಕೆರಳಿದಳು. "ತಿಂದ ಬಾಯಿ ಚೊಕ್ಕ, ಸಾಕಿದ ಕೈ ಮೈಲಿಗೆಯಾ?"

"ತಿನ್ನೋದು ಬ್ಯಾರೆ, ಬಾಚೋದು ಬ್ಯಾರೆ."

ಹೊರಲು ಇನ್ನುಳಿದದ್ದು ಫಾರಂನ ಆಳುಗಳು. ಆದರೆ ಬಂದವನು ಸೂಪರ್‌ವೈಸರ್ ಮನೋಹರ್, ಒಬ್ಬನೇ.

"ತಾಯಿಹಂದಿಗಳು ನಿನ್ನೆಯಿಂದ ಮೇವು ಮುಟ್ಟಿಲ್ಲ ಕಣಮ್ಮ. ಹಾಲು ಬತ್ತಿದ್ರೆ ಮರಿ ಸಾಯ್ತವೆ. ನಿನ್ ದನಿ ಥೇಟ್ ಅವ್ವಂದೇ. ಒಸಿ ಬಂದು ಕರಿ. ಅವು ಬಾಯಿ ಹಾಕಿದ್ರೆ ಆಳು ಬುಡ್ತೀನಿ."

"ಗುಂಡಿಗಿಳಿಸೋ ಮುಂಚೆ ಅವ್ವನ ಬಾಯಿಗೆ ಅಕ್ಕಿ ಹಾಕ್ಬೇಕು ಸಾರ್. ನಾನೊಬ್ಬಳೇ ಮಗಳು."

"ಅಷ್ಟರಲ್ಲಿ ಬಂದ್ಬುಡ್ತೀಯ. ಇಲ್ದಿದ್ರೆ ಹೊರೋರು ಯಾರು, ಹೇಳು?"

*

ಬೈರಾಪಟ್ಟಣದಾಚೆಯ ಆ ಫಾರಂನಲ್ಲಿ ಯಾವ ಹಂದಿ ತಾಯಿಯಾಗಬೇಕೆಂದು ತೀರ್ಮಾನಿಸುತ್ತಿದ್ದದ್ದು ಮೇವಿನ ಗೇಟು. ಹಂದಿ ತಲೆ ತೂರಿಸಿದೊಡನೆ ಯಂತ್ರ ಕಿವಿಯ ಬಿಲ್ಲೆ ಗುರುತಿಸಿ, ಎಷ್ಟು ತಿಂದಿತು, ಎಷ್ಟು ಹೊತ್ತು ತಿಂದಿತು ಎಂದು ಪರದೆಗೆ ಒಪ್ಪಿಸುತ್ತಿತ್ತು. ಚೆನ್ನಾಗಿ ಉಂಡದ್ದರ ಹೆಣ್ಣುಮರಿಗಳು ತಳಿಗೆ. ಉಣ್ಣದವು ಕಸಾಯಿಖಾನೆಯ ಲಾರಿಗೆ.

ಮುನಿಯಮ್ಮನಿಗೆ ಆ ಲಾರಿ ಕಂಡರಾಗದು. ಈದ ಸುಸ್ತಿಗೆ ಮೂತಿ ತಿರುಗಿಸಿದವುಗಳ ಗಂಟಲು ಸವರುತ್ತಾ, ಗೋಗರೆಯುತ್ತಾ, ಗೇಟಿನಲ್ಲೇ ನಿಂತಿರುವಳು.

"ನೀನು ಉಂಡ್ಯೇನವ್ವ?" ಎಂದು ಮಗಳು ಕೇಳಿದರೆ, "ನಾನುಂಡಿದ್ದನ್ನ ಯಾವ ಮಿಷಿನ್ ನೋಡ್ತದೆ ಬುಡು," ಎಂದು ನಗುವಳು.

ಅವಳ ಶೆಡ್ಡಿನವೇ ಎಲ್ಲಕ್ಕಿಂತ ಹೆಚ್ಚು ಉಂಡವು. ರಕ್ತದ ಗುಣ ಎಂದರು ಮಾಲೀಕರು. ಅವುಗಳ ಮಕ್ಕಳು ಮೊಮ್ಮಕ್ಕಳಿಂದಲೇ ಫಾರಂ ತುಂಬಿಸಿದರು. ನಿನ್ನೆ ಮುನಿಯಮ್ಮ ಎದೆ ಹಿಡಿದುಕೊಂಡು ಆ ಗೇಟಿನ ಬುಡದಲ್ಲೇ ಕುಸಿದಳು.

*

ಭಾನುಪ್ರಿಯ ಕರೆದಳು. ಮಲಗಿದ್ದ ಹಂದಿಗಳು ಎದ್ದು ಬಂದವು. ಪರದೆಯ ಮೇಲೆ ಅಂಕಿಗಳು ಏರತೊಡಗಿದವು. ಮನೋಹರ್ ಮಾತಿನಂತೆ ನಾಲ್ವರು ಆಳುಗಳನ್ನು ಕಳಿಸಿದ.

ಅವಳೂ ಹೊರಟಳು. ಬೆನ್ನು ತಿರುಗಿಸಿದ್ದೇ ತಡ, ಹಂದಿಗಳು ಮೇವಿನಿಂದ ಮೂತಿ ಎತ್ತಿದವು. ಮನೋಹರ್ ಬಾಗಿಲಿಗೆ ಅಡ್ಡ ನಿಂತ.

"ಅಲ್ಲಿ ಹೊರಾಕೆ ನಾಲ್ಕು ಜನ ಹೋದ್ರಲ್ಲಮ್ಮ. ನೀನೂ ಹೋದ್ರೆ ಇವು ಉಣ್ಣಾಕಿಲ್ಲ, ಅವರನ್ನ ದಾರೀಲೇ ವಾಪಸ್ ಕರೀಬೇಕಾಯ್ತದೆ. ಫೋನ್ ಮಾಡ್ಲಾ?"

ಅವಳು ಗೇಟಿಗೆ ಮರಳಿದಳು.

ಸ್ವಲ್ಪ ಹೊತ್ತಿಗೆ ಕಾಂಪೌಂಡಿನಾಚೆ ಅವ್ವನ ಚಟ್ಟದ ಮುಂದಿನ ತಮಟೆ ಸದ್ದು ಹತ್ತಿರವಾಯಿತು. ಬೆದರಿದ ಹಂದಿಗಳು ತಿನ್ನುವುದನ್ನು ನಿಲ್ಲಿಸಿದವು. ಮನೋಹರ್ ಜೇಬಿನ ಫೋನಿಗೆ ಕೈ ಹಾಕಿದ.

ಭಾನುಪ್ರಿಯ ಕಂಬಿ ಹಿಡಿದುಕೊಂಡು, ತಮಟೆಯನ್ನೂ ಮೀರುವಂತೆ ಅರಚಿದಳು:

"ಉಣ್ಣು ನನ್ನವ್ವ... ಒಸಿ ಬಾಯಿ ತೆಗಿ ನನ್ನವ್ವ... ಉಣ್ಣು..."